ಊಟವಾದ ಮೇಲಿನ ಅರ್ಧ ಗಂಟೆ

"ಮೊದ್ಲು ಎದ್ದು ಹೊರಗೆ ಬನ್ನಿ ಮೇಡಂ. ಬಂದು ನನ್ನ ಮುಖ ನೋಡಿ ಹೇಳಿ, ಸಸಿ ಯಾಕೆ ಬರ್ಲಿಲ್ಲ ಅಂತ."

ಅನುಗೊಂಡನಹಳ್ಳಿ ರಸ್ತೆಯಲ್ಲಿರುವ ಜವರಪ್ಪನವರ ತರಕಾರಿ ಸಸಿ ನರ್ಸರಿಯ ಕಿಟಕಿಯಾಚೆ ನಿಂತವನ ಪ್ಯಾಂಟು ಮೊಣಕಾಲಿನವರೆಗೂ ಕೆಸರಾಗಿತ್ತು. ಮುಖ ಅದಕ್ಕಿಂತ ಕೆಟ್ಟಿತ್ತು.

ಒಳಗೆ ಮೇಜಿನ ಹಿಂದೆ ಕೂತಿದ್ದ ಪ್ರಮೋದಾ ತಲೆ ಎತ್ತಿದಳು. "ಎದ್ದು ಬರಕ್ಕಾಗಲ್ಲ."

"ಯಾಕಾಗಲ್ಲ? ಬೆಳಿಗ್ಗೆನೇ ಟೆಂಪೋ ಕಳಿಸ್ತೀನಿ ಅಂದೋರು ನೀವು. ಹೊಲದಲ್ಲಿ ಆಳುಗಳು ಬರೀ ಕೈಯಲ್ಲಿ ಕೂತವ್ರೆ. ಫೋನ್ ಮಾಡಿದ್ರೆ ಎತ್ತಲ್ಲ. ಈಗ ಎದ್ದು ಬರಕ್ಕೂ ಆಗಲ್ವಾ?"

"ಇರಿ. ಬಂದೆ."

ಅವಳು ಮೇಜಿನಿಂದ ಹಿಂದೆ ಸರಿದು, ಗಾಲಿಕುರ್ಚಿಯನ್ನು ತಿರುಗಿಸಿ, ಬಾಗಿಲು ದಾಟಿ ಅವನ ಮುಂದೆ ತಂದು ನಿಲ್ಲಿಸಿದಳು. ಅವನ ಬಾಯಿಗೆ ಬಂದಿದ್ದ ಮುಂದಿನ ಬೈಗುಳ ಅಲ್ಲೇ ನಿಂತಿತು. ಪ್ರಮೋದಾಳಿಗೆ ಒಳಗೊಳಗೇ ಒಂದಿಷ್ಟು ಖುಷಿಯಾಯಿತು ಅಂದರೆ ತಪ್ಪು ತಿಳಿಯಬೇಡಿ. ದಿನಾ ಸಿಗುವ ಖುಷಿ ಅಲ್ಲ ಅದು.

"ನಂಗೆ ಗೊತ್ತಿರಲಿಲ್ಲ..." ಅಂದ ಅವನು.

"ಗೊತ್ತಿದ್ದಿದ್ರೆ ಬಯ್ತಿರಲಿಲ್ವಾ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಬಯ್ತಿದ್ದೆ. ಎದ್ದು ಬನ್ನಿ ಅಂತಿರಲಿಲ್ಲ, ಅಷ್ಟೇ."

ಅಯ್ಯೋ ಪಾಪ ಅನ್ನದ ಮೊದಲ ಗಂಡಸು ಅವನು. ಹೆಸರು ಮುನೀಂದ್ರ. ಪಕ್ಕದ ಹಳ್ಳಿಯಲ್ಲಿ ನೆರಳು ಪರದೆ ಹಾಕಿ ಕ್ಯಾಪ್ಸಿಕಂ ಬೆಳೆಯುತ್ತಿದ್ದ. ಅವಳು ಅಲ್ಲೇ ಫೋನ್ ಮಾಡಿ ಟೆಂಪೋ ಹೊರಡಿಸಿದಳು.

"ಅದ್ಸರಿ, ಯಾಕೆ ತಡ ಆಯ್ತು?"

"ಸ್ಕೂಟರ್ ಪಂಚರ್ ಆಯ್ತು."

ಸುಳ್ಳು. ನಿಜ ಏನೆಂದು ನಿಮಗೆ ಹೇಳಿಬಿಡುತ್ತೇನೆ. ಪ್ರೇಮಕಥೆಯಲ್ಲಿ ಇಂಥದ್ದೆಲ್ಲ ಯಾಕೆ ಅಂತ ಮೂಗು ಮುರಿಯುವವರು ಮುರಿಯಲಿ. ಆ ಬೆಳಿಗ್ಗೆ ಪ್ರಮೋದಾಳ ಹೊಟ್ಟೆ ಖಾಲಿಯಾಗಿರಲಿಲ್ಲ. ಅದಕ್ಕೇ ತಡವಾಗಿತ್ತು.

ನಾಲ್ಕು ವರ್ಷದ ಹಿಂದೆ, ತಾರಸಿಯ ಮೇಲೆ ಹರಡಿದ್ದ ರಾಗಿ ಮಳೆಗೆ ನೆನೆಯದಿರಲಿ ಅಂತ ಟಾರ್ಪಾಲು ಎಳೆಯುತ್ತ ಹಿಂದಕ್ಕೆ ಹೆಜ್ಜೆ ಇಟ್ಟವಳು ಅಂಚು ದಾಟಿ ಕೆಳಗೆ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗಿನ ಯಾವ ಸುದ್ದಿಯೂ ಅಂದಿನಿಂದ ಅವಳ ತಲೆಗೆ ಬರುವುದಿಲ್ಲ. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಮತ್ತೆ ನಡೀತಾಳಾ?

ಎರಡಕ್ಕೆ ಹೇಗೆ ಹೋಗ್ತಾಳೆ ಅಂತ ಒಬ್ಬರೂ ಕೇಳಲಿಲ್ಲ. ದೇವರು ಎದುರು ಬಂದು ಒಂದೇ ಒಂದು ವರ ಕೇಳು ಅಂದರೆ ಪ್ರಮೋದಾ ಕಾಲು ಕೇಳುತ್ತಿರಲಿಲ್ಲ. ಕರುಳಿನ ಮೇಲೆ ಹಿಡಿತ ಕೊಡಪ್ಪಾ ಸಾಕು, ಗಾಲಿಕುರ್ಚಿಯಲ್ಲೇ ಊರು ಸುತ್ತಿ ಬರ್ತೀನಿ ಅನ್ನುತ್ತಿದ್ದಳು.

ದಿನ ಬಿಟ್ಟು ದಿನ ಬೆಳಿಗ್ಗೆ ಅವಳದೊಂದು ಕೆಲಸ. ಬಿಸಿ ಕಾಫಿ ಕುಡಿದು, ನಡುವೆ ತೂತಿರುವ ಕುರ್ಚಿಯ ಮೇಲೆ ಕೂತು, ಹಿಂದಿನಿಂದ ಇಡುವ ಗುಳಿಗೆ ಇಟ್ಟು, ಕೈಗವಸು ಹಾಕಿದ ಬೆರಳಿನಿಂದ ಕರುಳನ್ನು ಎಬ್ಬಿಸಬೇಕು. ಬೆಂಗಳೂರಿನ ಆಸ್ಪತ್ರೆಯ ನರ್ಸು ಕಲಿಸಿದ್ದು. ಮೊದಲು ಅಮ್ಮ ಪಾಪಮ್ಮ ಮಾಡುತ್ತಿದ್ದಳು, ಈಗ ತಾನೇ ಮಾಡಿಕೊಳ್ಳುತ್ತಾಳೆ. ಸರಿಹೋದ ದಿನ ಮುಕ್ಕಾಲು ಗಂಟೆ. ಸರಿಹೋಗದ ದಿನ ಕೇಳಬೇಡಿ. ಆಳುಗಳು ಕಾಯಲಿ, ಟೆಂಪೋ ಕಾಯಲಿ, ಫೋನ್ ಬಡಿದುಕೊಳ್ಳಲಿ, ಎದ್ದು ಬರುವ ಹಾಗಿಲ್ಲ.

ಇನ್ನೊಂದು ತೊಂದರೆ ಊಟದ್ದು. ಹೊಟ್ಟೆ ತುಂಬಾ ತಿಂದ ಅರ್ಧ ಗಂಟೆಯೊಳಗೆ ಕರುಳು ಎದ್ದು ಕೂರುತ್ತದೆ. ಎಲ್ಲರಿಗೂ ಹಾಗೆಯೇ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ, ತಡೆದುಕೊಳ್ಳುತ್ತಾರೆ. ಅವಳಿಗೆ ಗೊತ್ತಾಗುವುದು ವಾಸನೆ ಬಂದ ಮೇಲೆ.

ಒಮ್ಮೆ ಹೊಸಕೋಟೆಯ ಛತ್ರದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದಲ್ಲಿ ಹಾಗಾಯಿತು. ಅಕ್ಕಪಕ್ಕದ ಕುರ್ಚಿಗಳು ಒಂದೊಂದಾಗಿ ದೂರ ಸರಿದವು. "ಆ ಹುಡ್ಗೀನ ಆಚೆಗೆ ಕರ್ಕೊಂಡ್ ಹೋಗ್ರೇ," ಅಂದಳು ಸೋದರತ್ತೆ. ಅವತ್ತಿನಿಂದ ಪ್ರಮೋದಾ ಮನೆಯಾಚೆ ಒಂದು ತುತ್ತೂ ತಿಂದಿಲ್ಲ.

ಆ ನೆಂಟರನ್ನು ಬಿಟ್ಟರೆ ಇದು ಮನೆಯಾಚೆ ಯಾರಿಗೂ ಗೊತ್ತಿರಲಿಲ್ಲ. ಮುನೀಂದ್ರನಿಗಂತೂ ಇಲ್ಲವೇ ಇಲ್ಲ.

ಅವನು ಪ್ರತಿ ಬೆಳೆಗೂ ಬರತೊಡಗಿದ. ಆಮೇಲೆ ಬೆಳೆಯಿಲ್ಲದಾಗಲೂ ಬರತೊಡಗಿದ. ಕಿಟಕಿಗೆ ಮೊಣಕೈ ಊರಿ, ಮಾರ್ಕೆಟ್ಟಿನ ರೇಟು, ಕೆಟ್ಟುಹೋದ ಮೋಟಾರು, ಬರದ ಕರೆಂಟು, ಎಲ್ಲ ಹೇಳುತ್ತಿದ್ದ. ಬರುವಾಗ ಕೈಯಲ್ಲೇನಾದರೂ ಇರುತ್ತಿತ್ತು. ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಅವನಮ್ಮ ಮಾರಕ್ಕ ಮಾಡಿದ ಒಬ್ಬಟ್ಟು.

"ತಿನ್ನಿ."

"ಇವತ್ತು ಸೋಮವಾರ. ಉಪವಾಸ."

"ಮೊನ್ನೆ ಶನಿವಾರ ಅಂದ್ರಿ."

"ಅದು ಆಂಜನೇಯಂಗೆ. ಇದು ಈಶ್ವರಂಗೆ."

"ಗುರುವಾರ?"

"ರಾಯರಿಗೆ. ಬಾಕ್ಸಿಗೆ ಹಾಕಿಡಿ, ಮನೇಲಿ ತಿಂತೀನಿ."

"ನಿಮ್ಮಷ್ಟು ಭಕ್ತಿ ಪೂಜಾರಪ್ಪಂಗೂ ಇಲ್ಲ ಬಿಡಿ," ಅಂದು ಅವನು ನಕ್ಕ. ಅವಳೂ ನಕ್ಕಳು. ಮನೆಗೆ ಹೋಗಿ ಒಬ್ಬಟ್ಟು ತಿನ್ನುವಾಗ ಅಳು ಬಂತು. ಎದುರಿಗೆ ಕೂತು ತಿನ್ನಬೇಕಾದ್ದನ್ನು ಒಬ್ಬಳೇ ತಿಂದರೆ ಹಾಗೆಯೇ.

ಅವಳಿಗೆ ಅವನು ಬೇಕಾಗಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದೇಕೆ? ಬೈಕಿನ ಶಬ್ದ ಕೇಳಿದರೆ ಕೈ ತಾನಾಗಿಯೇ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಆದರೆ ಮನಸ್ಸು ಹೇಳುತ್ತಿತ್ತು... 'ಕುರ್ಚಿ ನೋಡಿದಾನೆ, ಒಪ್ಪಿದಾನೆ. ಇನ್ನೊಂದು ನೋಡಿಲ್ಲ. ನೋಡಿದ್ರೆ ಆ ಛತ್ರದ ಕುರ್ಚಿಗಳ ಹಾಗೆ ಇವನೂ ಸರೀತಾನೆ.'

ಒಂದು ದಿನ ಅವನು ಕಿಟಕಿ ಬಿಟ್ಟು ಒಳಗೆ ಬಂದು ನಿಂತ. ಅವಳನ್ನು ಮೊದಲ ಸಲ ನೀನು ಅಂದ.

"ಭಾನುವಾರ ಹೊಲದಲ್ಲಿ ಮುನೇಶ್ವರಂಗೆ ಪರ ಮಾಡ್ತಿದೀವಿ. ಕುರಿ ಕಡೀತೀವಿ. ಅಮ್ಮ ನಿನ್ನ ನೋಡ್ಬೇಕಂತೆ. ಬರ್ತೀಯಾ?"

"ಯಾಕೆ ನೋಡ್ಬೇಕಂತೆ?"

"ಯಾಕೆ ಅಂತ ನಿಂಗೊತ್ತು."

ಗೊತ್ತಿತ್ತು. ಕುತ್ತಿಗೆಯವರೆಗೆ ಬಿಸಿಯೇರಿತು. ಬರ್ತೀನಿ ಅಂದುಬಿಟ್ಟಳು. ಬಾಕ್ಸು ಇದ್ದೇ ಇದೆಯಲ್ಲ, ಊಟವನ್ನು ಅದಕ್ಕೆ ಹಾಕಿಸಿಕೊಂಡು ಬಂದರಾಯಿತು ಅನ್ನುವುದು ಅವಳ ಲೆಕ್ಕ.

ಭಾನುವಾರ ಪಕ್ಕದಲ್ಲಿ ಎರಡು ಗಾಲಿ ಜೋಡಿಸಿದ ತನ್ನ ಸ್ಕೂಟರಿನಲ್ಲಿ, ಹಸಿರು ಸೀರೆ ಉಟ್ಟು, ಹೊಲಕ್ಕೆ ಹೋದಳು. ನರ್ಸರಿಯಲ್ಲಿದ್ದ ಗಾಲಿಕುರ್ಚಿಯನ್ನು ಮುನೀಂದ್ರ ಬೆಳಿಗ್ಗೆಯೇ ಟೆಂಪೋದಲ್ಲಿ ತರಿಸಿಟ್ಟಿದ್ದ. ಹೊಂಗೆ ಮರದ ಬುಡದಲ್ಲಿ ಮುನೇಶ್ವರನ ಕಲ್ಲಿಗೆ ಅರಿಶಿನ ಮೆತ್ತಿತ್ತು. ನೆಂಟರೆಲ್ಲ ಸಾಲಾಗಿ ಕೂತಿದ್ದರು. ಮಾರಕ್ಕ ತಾನೇ ಕೈಯಾರೆ ಮುತ್ತುಗದೆಲೆ ಹಾಕಿ, ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ನಿಂತಳು.

"ತಿನ್ನು ಮಗ."

"ಅಮ್ಮ, ತಪ್ಪು ತಿಳ್ಕೋಬೇಡಿ. ಬಾಕ್ಸಿಗೆ ಹಾಕ್ಕೊಡಿ, ಮನೆಗೆ ತಗೊಂಡ್ ಹೋಗಿ ತಿಂತೀನಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಮುನೇಶ್ವರನ ಪರದ ಊಟ ಹೊಲ ದಾಟಲ್ಲ ಕಣಮ್ಮ," ಅಂದಳು ಮಾರಕ್ಕ. "ಮಿಕ್ಕಿದ್ರೆ ಇಲ್ಲೇ ಹೂಳ್ತೀವಿ. ಮನೆಗೆ ಒಯ್ಯಂಗಿಲ್ಲ. ನಿಮ್ಮ ಕಡೆ ಗೊತ್ತಿಲ್ವಾ?"

ಗೊತ್ತಿತ್ತು. ಅವರೂರಿನಲ್ಲೂ ಅದೇ ಪದ್ಧತಿ. ಮನೆಯಾಚೆ ಉಣ್ಣದೆ ಎಷ್ಟೋ ಕಾಲವಾಗಿ ಅವಳಿಗೆ ಅದು ಮರೆತೇ ಹೋಗಿತ್ತು.

"ಹಂಗಾದ್ರೆ... ನಂಗೆ ಬೇಡ."

"ಒಂದು ತುತ್ತು," ಅಂದ ಮುನೀಂದ್ರ, ಮೆಲ್ಲಗೆ. "ನನಗೋಸ್ಕರ."

ಒಂದು ತುತ್ತಿನಿಂದ ಏನೂ ಆಗುತ್ತಿರಲಿಲ್ಲವೇನೋ. ಆದರೆ ಅವಳ ಕಣ್ಣಿಗೆ ಕಂಡದ್ದು ಆ ಸಾಲು, ಅಷ್ಟೂ ನೆಂಟರು, ಛತ್ರದಂತೆಯೇ ಒತ್ತಿ ಕೂತವರು. ತಲೆಯಾಡಿಸಿ ಕುರ್ಚಿ ತಿರುಗಿಸಿದಳು.

ಹಿಂದಿನಿಂದ ಮಾರಕ್ಕನ ಮಾತು ಕೇಳಿಸಿತು. "ನಮ್ಮ ದೇವ್ರ ಊಟ ಮುಟ್ಟದೋಳು ನಮ್ಮನೆ ಹೆಂಗೆ ಸೇರ್ತಾಳಪ್ಪ?"

ಆಮೇಲೆ ಬೈಕಿನ ಶಬ್ದ ಬರಲಿಲ್ಲ. ವಾರಗಳು ಕಳೆದವು. ಒಂದು ಮಧ್ಯಾಹ್ನ ಜವರಪ್ಪನವರು ಕನ್ನಡಕ ಒರೆಸುತ್ತ, "ನಿನ್ನ ಮುನೀಂದ್ರ ಈ ಸಲ ಮಾಲೂರು ಕಡೆಯಿಂದ ಸಸಿ ತರಿಸಿಕೊಂಡ್ನಂತೆ ಕಣವ್ವ," ಅಂದರು.

"ನನ್ನ ಮುನೀಂದ್ರ ಅಲ್ಲ ಸರ್," ಅಂದಳು. ಅಂದ ಮೇಲೆ ಎದೆಯೊಳಗೆ ನೋವಾಯಿತು. ಬೇರೆ ಹೆಂಗಸಿನ ಜೊತೆ ನೋಡಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಮಾಲೂರಿನ ಸಸಿ ಅಂತೆ!

ಮನೆಯಲ್ಲಿ, ಅಪ್ಪ ಆಚೆ ಹೋಗಿದ್ದಾಗ, ಪಾಪಮ್ಮ ಹೇಳಿದಳು. "ಹೇಳ್ಬಿಡು. ಹೇಳಿದ್ರೆ ಹೋಗ್ತಾನೆ. ಹೇಳ್ದಿದ್ರೂ ಹೋದ. ಹೇಳಿ ಕಳ್ಕೊ."

"ಮದುವೆ ಮಾತಾಡೋ ಹುಡುಗನ ಹತ್ರ ಕಕ್ಕಸಿನ ಮಾತು ಹೆಂಗಮ್ಮ ಆಡೋದು?"

"ಮದುವೆ ಆದ್ಮೇಲೆ ಎಲ್ಲಿಗೆ ಬಚ್ಚಿಡ್ತೀಯ?"

ಮರುದಿನ ಅವಳೇ ಹೊಲಕ್ಕೆ ಹೋದಳು. ಸ್ಕೂಟರಿನಿಂದ ಇಳಿಯಲಿಲ್ಲ. ಅವನು ಪರದೆಯೊಳಗಿಂದ ಬಂದು ದೂರದಲ್ಲೇ ನಿಂತ.

"ನಾನು ಬೇಡ ಅಂದ್ರೆ ನೇರವಾಗಿ ಹೇಳ್ಬೋದಿತ್ತು," ಅಂದ. "ಅಮ್ಮನ ಮುಂದೆ, ದೇವ್ರ ಮುಂದೆ ಎಲೆ ದೂಡೋ ಅಗತ್ಯ ಇರ್ಲಿಲ್ಲ."

"ನಾನು ಯಾವ ಉಪವಾಸಾನೂ ಮಾಡಲ್ಲ," ಅಂದಳು ಅವಳು. "ಆಂಜನೇಯಂಗೂ ಇಲ್ಲ, ರಾಯರಿಗೂ ಇಲ್ಲ. ಈಗ ನಾನು ಹೇಳಿ ಮುಗ್ಸೋವರ್ಗೂ ಮಧ್ಯೆ ಬಾಯಿ ಹಾಕ್ಬೇಡಿ."

ಹೇಳಿದಳು. ಗುಳಿಗೆ, ಕೈಗವಸು, ತೂತಿನ ಕುರ್ಚಿ, ಛತ್ರ, ಸೋದರತ್ತೆ, ಪಂಚರ್ ಆಗದ ಸ್ಕೂಟರು, ಎಲ್ಲವನ್ನೂ. ಸ್ಕೂಟರಿನ ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿದ್ದಳು.

ಮುಗಿದ ಮೇಲೆ ಅವನು ಕೈಗೆ ಮೆತ್ತಿದ್ದ ಮಣ್ಣು ಒರೆಸಿಕೊಂಡ.

"ನಮ್ಮ ಹಸುಗೆ ಹೊಟ್ಟೆ ಕಟ್ಟಿದ್ರೆ ನಾನೇ ಕೈ ಹಾಕಿ ತೆಗೀತೀನಿ," ಅಂದ.

"ನಾನು ಹಸು ಅಲ್ಲ."

"ತಪ್ಪಾಯ್ತು. ಬೇರೆ ಏನು ಹೇಳ್ಬೇಕೋ ತಿಳೀಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಅವತ್ತು ಕೂಡ ಅದಕ್ಕೇನಾ ತಡ ಆಗಿದ್ದು?"

"ಹೂಂ."

"ನಾನು ಕೂಗಾಡಿದ್ದೆ."

"ಕೂಗಾಡಿದ್ರಿ."

"ನಂಗೆ ಸ್ವಲ್ಪ ಯೋಚನೆ ಮಾಡ್ಬೇಕು," ಅಂದ.

ಆಯ್ತು ಅಂದು ಅವಳು ಸ್ಕೂಟರ್ ತಿರುಗಿಸಿದಳು. ಕಥೆಯ ನಾಯಕನಾದವನು ಅಲ್ಲೇ ಮಂಡಿಯೂರಿ ಕೈ ಹಿಡಿಯಬೇಕಿತ್ತು ಅಂತ ನಿಮಗೆ ಅನಿಸಬಹುದು. ಅವನು ಹಿಡಿಯಲಿಲ್ಲ. ದಾರಿಯುದ್ದಕ್ಕೂ ಅವಳು ಅತ್ತಳು. ಮನೆ ಬಂದಾಗ ಮುಖ ಒರೆಸಿಕೊಂಡು, ಹಸಿವಾಗಿದೆ ಅಂದು, ಅಮ್ಮನ ಕೈಯಿಂದ ಹುರುಳಿ ಸಾರು ಬಡಿಸಿಕೊಂಡು ಹೊಟ್ಟೆ ತುಂಬಾ ಉಂಡಳು. ಹೇಳಿದ್ದಾಯಿತು, ಹೊರೆ ಇಳಿಯಿತು. ಹೋದರೆ ಹೋಗಲಿ.

ಎರಡು ದಿನವಾದ ಮೇಲೆ ಫೋನ್ ಬಂತು.

"ಆ ಕುರ್ಚಿ ತೂತು ಎಷ್ಟಗಲ ಇರ್ಬೇಕು?"

"ಯಾಕೆ?"

"ಹೇಳು."

ಹೇಳಿದಳು. ಮಾರನೆಯ ದಿನ ಮತ್ತೆ ಫೋನ್. "ಪ್ಲಾಸ್ಟಿಕ್ ಕುರ್ಚಿ ಆದ್ರೆ ನಡೆಯುತ್ತಾ? ಕಾದ ಚಾಕುವಲ್ಲಿ ಕೊಯ್ದಿದೀನಿ."

"ಅಂಚು ಚೂಪಾಗಿದ್ರೆ ಚರ್ಮ ಕೊಯ್ಯುತ್ತೆ. ಕೊಯ್ದ್ರೂ ನಂಗೆ ಗೊತ್ತಾಗಲ್ಲ. ಗಾಯ ಆದ್ರೆ ತಿಂಗಳಾನುಗಟ್ಟಲೆ ಮಲಗ್ಬೇಕು."

"ಸೈಕಲ್ ಟ್ಯೂಬು ಸುತ್ತಿ, ಮೇಲೆ ಸ್ಪಂಜು ಹಾಕ್ತೀನಿ," ಅಂದ.

ಇನ್ನೊಂದು ದಿನ ಬಾಗಿಲಿನ ಅಗಲ ಕೇಳಿದ. ಮತ್ತೊಂದು ದಿನ ನೀರು ಎಷ್ಟು ಬಿಸಿ ಇರಬೇಕು ಅಂತ ಕೇಳಿದ. "ನಿಮ್ಮ ಮೊಣಕೈ ಇಟ್ಟು ನೋಡಿ. ನಂಗೆ ಸುಟ್ರೂ ತಿಳಿಯಲ್ಲ," ಅಂದಳು. ಪ್ರೇಮಿಗಳು ಫೋನಿನಲ್ಲಿ ಏನೇನೋ ಮಾತಾಡುತ್ತಾರೆ. ಇವರು ಇದನ್ನು ಮಾತಾಡಿದರು. ಪ್ರಮೋದಾ ಮಾತ್ರ ಪ್ರತಿ ಫೋನಾದ ಮೇಲೂ ಸುಮ್ಮಸುಮ್ಮನೆ ನಗುತ್ತಿದ್ದಳು.

"ನಾಳೆ ಹೊಲಕ್ಕೆ ಬಾ," ಅಂದ ಒಂದು ಶನಿವಾರ. "ನೆಂಟ್ರಿಲ್ಲ. ನಾನು, ಅಮ್ಮ, ಅಷ್ಟೇ. ನಿಮ್ಮಮ್ಮನ್ನೂ ಕರ್ಕೊಂಡ್ ಬಾ. ಇದು ದೇವ್ರ ಊಟ ಅಲ್ಲ, ನಮ್ಮೂಟ. ಬೇಕಂದ್ರೆ ಬಾಕ್ಸಿಗೆ ಹಾಕ್ಕೊಂಡ್ ಹೋಗ್ಬೋದು."

"ನಿಮ್ಮಮ್ಮಂಗೆ ಹೇಳಿದೀರಾ?"

"ಇಲ್ಲ. ಅದು ನಿನ್ನ ಮಾತು. ನೀನೇ ಹೇಳ್ಬೇಕು."

ಗಾಲಿಕುರ್ಚಿ ಈ ಸಲವೂ ಟೆಂಪೋದಲ್ಲೇ ಬಂದಿತ್ತು. ಮೋಟಾರ್ ರೂಮಿನ ಹೊಸ್ತಿಲಿಗೆ ಅವನು ಮಣ್ಣು ಹಾಕಿ ಇಳಿಜಾರು ಮಾಡಿದ್ದ. ಒಳಗೆ ಸ್ಪಂಜು ಸುತ್ತಿದ ಬಿಳಿ ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು, ಮಗ್ಗು, ಸೋಪು. ಹೊರಗೆ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ. ಪ್ರಮೋದಾ ಒಳಗೆ ಹೋಗಿ ಸ್ಪಂಜಿನ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದಳು.

ಹೊಂಗೆ ಮರದ ಕೆಳಗೆ ಮಾರಕ್ಕನಿಗೆ ಹೇಳಿದಳು. ಎರಡನೇ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ.

ಮಾರಕ್ಕ ಮುದ್ದೆ ಕೋಲು ಹಿಡಿದುಕೊಂಡೇ ಕೇಳಿದಳು. ಕೇಳಿ ಮುಗಿದ ಮೇಲೆ ಪಾಪಮ್ಮನ ಕಡೆ ತಿರುಗಿ, "ಮೊದಲೆಲ್ಲ ನೀನೇ ಮಾಡ್ತಿದ್ದೆಯೇನಮ್ಮ?" ಅಂದಳು. ಪಾಪಮ್ಮ ಹೂಂ ಅಂದಳು. ಆಮೇಲೆ ಪ್ರಮೋದಾಳಿಗೆ ನೇರವಾಗಿ, "ಮಕ್ಕಳಾಗ್ತಾವಾ?"

"ಅಮ್ಮ," ಅಂದ ಮುನೀಂದ್ರ.

"ಕೇಳ್ಲಿ ಬಿಡಿ," ಅಂದಳು ಪ್ರಮೋದಾ. "ಆಗ್ಬೋದು ಅಂದಿದಾರೆ ಡಾಕ್ಟ್ರು. ಆಗ್ದೇನೂ ಇರ್ಬೋದು. ಅದು ಎಲ್ಲಾ ಹೆಂಗಸ್ರಿಗೂ ಹಂಗೇ ಅಲ್ವಾ ಅಮ್ಮ?"

ಮಾರಕ್ಕ ಕೋಲನ್ನು ಪಾತ್ರೆಗೆ ಇಳಿಸಿ ಮುದ್ದೆ ತಿರುವಿದಳು. ಒಪ್ಪಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. "ಇವ್ಳಿಗೆ ನಮ್ಮ ಕೈ ಅಡುಗೆ ಆಗಲ್ವೇನೋ ಅನ್ಕೊಂಡಿದ್ದೆ," ಅಂತ ಒಲೆಗೆ ಹೇಳಿದಳು. ಆಮೇಲೆ ಎಲೆ ಹಾಕಿ ಮುದ್ದೆ, ಅವರೆಕಾಳಿನ ಸಾರು ಬಡಿಸಿ, ಪಕ್ಕದಲ್ಲೊಂದು ಸ್ಟೀಲ್ ಬಾಕ್ಸೂ ಇಟ್ಟಳು. "ನಿಂಗೆ ಹೆಂಗೆ ಬೇಕೋ ಹಂಗೆ."

ಪ್ರಮೋದಾ ಬಾಕ್ಸು ನೋಡಿದಳು. ಎಲೆ ನೋಡಿದಳು. ಮುದ್ದೆ ಮುರಿದು ಸಾರಿನಲ್ಲದ್ದಿ ನುಂಗಿದಳು.

ಬೆಚ್ಚಗಿತ್ತು. ಎದುರಿಗೆ ಕೂತು ಅವನೂ ಉಣ್ಣುತ್ತಿದ್ದ. ಆ ಛತ್ರದ ದಿನದಿಂದೀಚೆಗೆ ಮನೆಯಾಚೆ, ಮತ್ತೊಬ್ಬರ ಎದುರಿಗೆ ಅವಳು ಉಂಡ ಮೊದಲ ಊಟ. ಅರ್ಧ ಮುದ್ದೆ ಮುಗಿಸಿ ಕೈ ನಿಲ್ಲಿಸಿದಳು.

"ಈಗ ಕಾಯ್ಬೇಕು," ಅಂದಳು. "ಅರ್ಧ ಗಂಟೆ. ಆಗ್ಬೋದು, ಆಗ್ದೇನೂ ಇರ್ಬೋದು."

"ಕಾಯೋಣ."

ಅಮ್ಮಂದಿರಿಬ್ಬರೂ ಕ್ಯಾಪ್ಸಿಕಂ ನೋಡುವ ನೆಪ ಮಾಡಿಕೊಂಡು ಪರದೆಯೊಳಗೆ ಹೋದರು. ಇವರಿಬ್ಬರೂ ಮರದ ಕೆಳಗೆ ಕೂತರು. ಅವನು ಮಾಲೂರಿನ ಸಸಿ ಅರ್ಧಕ್ಕರ್ಧ ಸತ್ತುಹೋದದ್ದನ್ನು ಹೇಳಿದ. ಒಳ್ಳೇದಾಯ್ತು ಅಂದಳು ಅವಳು. ಅವನು ಅವಳ ಕೈ ಹಿಡಿದುಕೊಂಡ. ಇಷ್ಟು ದಿನದಲ್ಲಿ ಅದೇ ಮೊದಲು. ಅವಳ ಎದೆ ಬಡಿದುಕೊಳ್ಳುತ್ತಿತ್ತು, ಅರ್ಧ ಅವನ ಕೈಗೆ, ಅರ್ಧ ಹೆದರಿಕೆಗೆ.

ಆಮೇಲೆ ಅವಳಿಗೆ ವಾಸನೆ ಬಂತು.

ಕೈ ಬಿಡಿಸಿಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ.

"ಮುನೀಂದ್ರ... ಆಯ್ತು."

"ಸರಿ. ನೀರು ಕಾದಿದೆ. ನಾನು ಏನು ಮಾಡ್ಬೇಕು?"

"ನನ್ನ ಬಾಗಿಲವರೆಗೆ ತಳ್ಳಿ. ನೀರು ಒಳಗಿಡಿ. ಅಮ್ಮನ್ನ ಕರೀರಿ. ಒಳಗೆ ಬರ್ಬೇಡಿ, ಇವತ್ತು ಬೇಡ."

"ಆಯ್ತು."

ಅವನು ತಳ್ಳಿದ. ಮೊಣಕೈ ಅದ್ದಿ ನೋಡಿ ನೀರು ಇಟ್ಟ. ಪಾಪಮ್ಮ ಒಳಗೆ ಹೋಗಿ, ಮಗಳನ್ನು ಬಿಳಿ ಕುರ್ಚಿಗೆ ಕೂರಿಸಿ, ಗಾಲಿಕುರ್ಚಿಯನ್ನು ಹೊರಗೆ ತಳ್ಳಿದಳು. ಒಳಗೆ ಸ್ಪಂಜಿನ ಮೇಲೆ ಕೂತು ಪ್ರಮೋದಾ ಕಿವಿಗೊಟ್ಟಳು. ಹೊರಗೆ ಬೈಕ್ ಶುರುವಾಗುವ ಸದ್ದಿಗೆ ಕಾದಳು. ಬರಲಿಲ್ಲ. ಬೋರ್ ನೀರು ಬೀಳುವ ಸದ್ದು ಬಂತು, ಬಟ್ಟೆ ಕುಕ್ಕುವ ಸದ್ದು ಬಂತು.

ತೊಳೆದುಕೊಂಡು, ಚೀಲದಲ್ಲಿ ತಂದಿದ್ದ ಚೂಡಿದಾರ ಹಾಕಿಕೊಂಡು ಬಾಗಿಲು ತೆಗೆಸಿದಾಗ ಬಿಸಿಲು ಜೋರಾಗಿತ್ತು. ಅವಳ ಗಾಲಿಕುರ್ಚಿಯ ದಿಂಬಿನ ಕವರನ್ನು ಒಗೆದು ತಂತಿಬೇಲಿಯ ಮೇಲೆ ಹರವಿತ್ತು. ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿತ್ತು. ಮುನೀಂದ್ರನ ಅಂಗಿಯ ತೋಳು ಒದ್ದೆಯಾಗಿತ್ತು. ಮಾರಕ್ಕ ಬೇಲಿಯ ಕಡೆ ಒಮ್ಮೆ ನೋಡಿ, ಕವರು ಗಾಳಿಗೆ ಹಾರದಂತೆ ಅದರ ಮೂಲೆಯನ್ನು ತಂತಿಗೆ ಸಿಕ್ಕಿಸಿ, ಒಲೆಯ ಹತ್ತಿರ ಹೋದಳು.

ಮರದ ಕೆಳಗೆ ಪ್ರಮೋದಾಳ ಎಲೆ ಹಾಗೆಯೇ ಇತ್ತು. ಇರುವೆ ಹತ್ತದಿರಲಿ ಅಂತ ಯಾರೋ ಅದರ ಮೇಲೊಂದು ತಟ್ಟೆ ಮುಚ್ಚಿದ್ದರು.

"ನೋಡಿದ್ರಲ್ಲ," ಅಂದಳು ಅವಳು. ಕಣ್ಣು ತುಂಬಿತ್ತು. "ಇದೇ ನಾನು. ಜೀವನ ಪೂರ್ತಿ ಹಿಂಗೇ ಇರುತ್ತೆ."

"ಜೀವನ ಪೂರ್ತಿ ಅರ್ಧ ಹೊಟ್ಟೆಗೆ ಏಳ್ಬೇಡ," ಅಂದ ಅವನು, ತಟ್ಟೆ ಎತ್ತುತ್ತ. "ಊಟ ಅಲ್ಲಿಗೇ ನಿಂತಿದೆ. ಬಿಸಿ ಮುದ್ದೆ ಹಾಕ್ಲಾ?"

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು.

"ನಾಳೆ ನಮ್ಮನೆಗೆ ಬಾ," ಅಂದಳು. ಅವಳು ಅವನನ್ನು ಮೊದಲ ಸಲ ನೀನು ಅಂದದ್ದು ಆಗಲೇ. "ಅಪ್ಪನ ಹತ್ರ ಮಾತಾಡು. ಬೆಳಿಗ್ಗೆ ಬೇಗ ಬರ್ಬೇಡ, ನಾಳೆ ನಂದು ತಡ ಆಗುತ್ತೆ."

"ಎಷ್ಟೊತ್ತಾದ್ರೂ ಆಗ್ಲಿ. ಆಚೆ ಕೂತಿರ್ತೀನಿ."

"ಕೂಗಾಡಲ್ವಾ?"

"ಕೂಗಾಡಲ್ಲ," ಅಂದ ಮುನೀಂದ್ರ. "ಈಗ ಹೇಳು. ಮುದ್ದೆ?"

"ಒಂದು ಹಾಕು."